ಮಾಳಿಗೆ ಮಣ್ಣಿನ ತೋಟ

ಕೃಷ್ಣಾಜಿರಾಯರನ್ನು ನಾನು ಮೊದಲ ಸಲ ಕಂಡದ್ದು ಮೇಲಿನಿಂದ. ಆಗ ನನಗೆ ಹದಿನೇಳು, ಮದುವೆಯಾಗಿ ಎರಡು ತಿಂಗಳಾಗಿತ್ತು. ಸಿರಸಂಗಿ ಆಚೆಯ ನನ್ನ ಗಂಡನ ಊರಿನಲ್ಲಿ ರಾಯರದೊಂದು ವಾಡೆ, ಹಳೆಯ ಕಾಲದ ದೊಡ್ಡ ಮನೆ. ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ಆ ವಾಡೆಯ ಮಾಳಿಗೆಗೆ, ಅಂದರೆ ಮಣ್ಣಿನ ಚಪ್ಪಟೆ ಸೂರಿಗೆ, ಹೊಸ ಮಣ್ಣು ಹಾಕುವ ಕೆಲಸ ನಮ್ಮ ಮನೆತನದ ಪಾಲಿಗೆ ಬಂದಿತ್ತು. ಹಳ್ಳದ ದಂಡೆಯಿಂದ ಬುಟ್ಟಿಯಲ್ಲಿ ಮಣ್ಣು ಹೊತ್ತು ತಂದು, ಹೊರಗಿನ ಗೋಡೆಗೆ ಹಚ್ಚಿದ ಏಣಿ ಹತ್ತಿ, ಮೇಲೆ ಸುರಿದು, ತುಳಿದು, ಬಡಿದು, ಅದೇ ಏಣಿಯಿಂದ ಇಳಿಯಬೇಕು. ಏಣಿ ಹೊರಗೇ ಯಾಕೆ ಎಂದು ಯಾರೂ ಕೇಳುತ್ತಿರಲಿಲ್ಲ. ಆ ಮನೆಯ ನೆತ್ತಿಯ ಮೇಲೆ ನಾವು ಓಡಾಡಬಹುದಿತ್ತು, ಹೊಸ್ತಿಲು ಮಾತ್ರ ದಾಟುವಂತಿರಲಿಲ್ಲ.

ಮಾಳಿಗೆಯ ನಡುವೆ ಒಂದು ಬೆಳಕಿಂಡಿ. ಅದರಲ್ಲಿ ಇಣುಕಿದರೆ ಕೆಳಗೆ ಪಡಸಾಲೆಯಲ್ಲಿ ಒಬ್ಬ ಗಂಡಸು ಪೇಪರ್ ಓದುತ್ತ ಹೊಟ್ಟೆ ಕೆರೆದುಕೊಳ್ಳುತ್ತ ಕೂತಿದ್ದರು. ನೆತ್ತಿಯಲ್ಲಿ ಆಗಲೇ ರೂಪಾಯಿಯಗಲ ಬೋಳು. ಅವರೇ ರಾಯರು, ರಜೆಗೆ ಬಂದಿದ್ದ ಬ್ಯಾಂಕಿನ ಸಾಹೇಬರು. ಆಮೇಲೆ ಮೂವತ್ತೈದು ವರ್ಷದಲ್ಲಿ ಅವರು ಎಷ್ಟೇ ದೊಡ್ಡವರಾಗಲಿ, ಎಷ್ಟೇ ಮಾತಾಡಲಿ, ನನಗೆ ಆ ಬೋಳೇ ಕಣ್ಣ ಮುಂದೆ ಬರುತ್ತದೆ. ಈಗ ಅದು ಹೋಳಿಗೆಯಗಲ ಆಗಿದೆ.

ನನ್ನ ಹೆಸರು ಪದ್ಮವ್ವ. ಗಂಡ ತೀರಿಕೊಂಡ ಮೇಲೆ ಮಗಳನ್ನು ಕಟ್ಟಿಕೊಂಡು ನವಿಲುತೀರ್ಥದ ಕಡೆ ಬಂದೆ. ಅಲ್ಲಿನ ಅಣೆಕಟ್ಟಿನ ಕಾಲನಿಯಲ್ಲಿ ಸಾಹೇಬರುಗಳ ಬಂಗಲೆಯ ಕೈತೋಟಗಳಲ್ಲಿ ಇಪ್ಪತ್ತೆರಡು ವರ್ಷ ದುಡಿದೆ. ಎಷ್ಟು ಸಾಹೇಬರು ಬಂದರು, ಎಷ್ಟು ಹೋದರು. ಗುಲಾಬಿಗೆ ಹಾಲು ಹಾಕು ಎಂದವರಿದ್ದರು, ಕರಿಬೇವಿನ ಗಿಡಕ್ಕೆ ದಿನಾ ಎರಡು ಬಕೀಟು ನೀರು ಸುರಿಸಿ ಕೊಳೆಸಿದವರಿದ್ದರು. ಗಿಡ ಸತ್ತರೆ ಮಾಲಿಯ ತಪ್ಪು, ಹೂ ಬಿಟ್ಟರೆ ಸಾಹೇಬರ ಹವ್ಯಾಸ. ಇದನ್ನೆಲ್ಲ ನೋಡಿ ನೋಡಿ ನನಗೆ ಓದಿದವರ ಬಗ್ಗೆ ಒಂದು ತಾತ್ಸಾರ ಕೂತುಬಿಟ್ಟಿದೆ. ನನ್ನ ಮಗಳೊಬ್ಬಳನ್ನು ಬಿಟ್ಟು.

ಮಗಳು ಪ್ರಣಿತಾ ತೋಟಗಾರಿಕೆಯಲ್ಲಿ ಡಿಪ್ಲೊಮಾ ಮಾಡಿದ್ದಾಳೆ. ಅವಳು ಮೂರು ವರ್ಷದವಳಿದ್ದಾಗಲೇ ನಾನು ಮಣ್ಣಿನ ಚಿಟಿಕೆಯನ್ನು ಅವಳ ನಾಲಗೆಗೆ ಹಚ್ಚಿ, ಇದು ಸಪ್ಪೆ, ಇದು ಉಪ್ಪು, ಇದು ಹುಳಿ ಎಂದು ಕಲಿಸಿದವಳು. ಕಾಲೇಜಿನಲ್ಲಿ ಅದಕ್ಕೆ ಯಂತ್ರವಿದೆಯಂತೆ. ನಿನ್ನ ನಾಲಗಿಯಷ್ಟು ಲಗೂನ ಅದು ಹೇಳೂದಿಲ್ಲವ್ವ ಎಂದು ನಗುತ್ತಿದ್ದಳು. ನೌಕರಿ ಅರ್ಜಿ ಹಾಕಿ ಹಾಕಿ ಸಾಕಾಗಿ, ಮನೆ ಮನೆಗೆ ತೋಟ ಮಾಡಿಕೊಡುವ ಉದ್ಯೋಗ ಶುರು ಮಾಡಿದಳು. ಹಸಿರು ಬಣ್ಣದ ಒಂದು ತಗಡಿನ ಬೋರ್ಡು, ಅದರ ಮೇಲೆ ‘ಪ್ರಣಿತಾ ತೋಟ ವಿನ್ಯಾಸ’ ಎಂದು ಹೆಸರು, ಕೆಳಗೆ ಫೋನ್ ನಂಬರು. ಬೋರ್ಡು ಆರು ತಿಂಗಳು ನಮ್ಮ ಮನೆಯ ಬಾಗಿಲ ಹಿಂದೆಯೇ ನಿಂತಿತ್ತು. ಮೊದಲ ಕೆಲಸ ಕೊಟ್ಟವರು ಕೃಷ್ಣಾಜಿರಾಯರು.

ರಾಯರು ನಿವೃತ್ತಿಯಾಗಿ ಸವದತ್ತಿಯ ಹೊಸ ಬಡಾವಣೆಯಲ್ಲಿ ಮನೆ ಕಟ್ಟಿದ್ದರು. ಫಾಲ್ಗುಣದಲ್ಲಿ ಅವರ ಎಪ್ಪತ್ತರ ಭೀಮರಥ ಶಾಂತಿ, ಪುಣೆಯಿಂದ ಬೆಳಗಾವಿಯಿಂದ ಬೀಗರು ಬಳಗ ಎಲ್ಲ ಬರುವವರು. ಅಷ್ಟರಲ್ಲಿ ಮನೆಯ ಮುಂದೆ ಒಂದು ತೋಟ ಆಗಬೇಕು. ಎಂಥ ತೋಟ? ಫೋನಿನಲ್ಲಿ ಯಾವುದೋ ದೇಶದ ರಾಜನ ಅರಮನೆ ತೋಟ ನೋಡಿದ್ದರು. ಅಳತೆ ತಪ್ಪದ ಚೌಕಗಳು, ಅಂಚಿಗೆ ಕತ್ತರಿ ಹಾಕಿದ ಗಿಡ, ನಡುವೆ ದಾರಿ. ಅರಮನೆಗೆ ನೂರು ಎಕರೆ, ರಾಯರಿಗೆ ಐವತ್ತಕ್ಕೆ ನಲವತ್ತು ಅಡಿ. ಆದರೂ ಮುಖದ ಗತ್ತಿನಲ್ಲಿ ಏನೂ ಕೊರತೆ ಇರಲಿಲ್ಲ.

ಪ್ರಣಿತಾ ಮೂರು ದಿನ ಕೂತು ನಕ್ಷೆ ಬರೆದಳು. ನಡುವೆ ಅವರ ತುಳಸಿಕಟ್ಟೆ ಇದ್ದಲ್ಲೇ ಇರಲಿ. ಅದರ ಸುತ್ತ ನಾಲ್ಕು ದಿಕ್ಕಿಗೆ ನಾಲ್ಕು ಕಟ್ಟೆಗಳು, ಒಂದೊಂದೂ ಹನ್ನೆರಡು ಅಡಿ ಉದ್ದ, ನಾಲ್ಕು ಅಡಿ ಅಗಲ, ಒಂದೂವರೆ ಅಡಿ ಎತ್ತರ. ಊರಿನ ಹಳೆಯ ವಾಡೆಯನ್ನು ರಾಯರು ಆಗ ಕೆಡವಿಸುತ್ತಿದ್ದರು, ಅಲ್ಲಿಯ ಕಲ್ಲನ್ನೇ ತಂದು ಗೋಡೆ ಕಟ್ಟುವುದು, ಬುಡದಲ್ಲಿ ನೀರು ಹೋಗಲು ತೂತು ಬಿಡುವುದು. ಒಳಗೆ ತಳಕ್ಕೆ ಕಲ್ಲುಚೂರು, ಮೇಲೆ ಗುಡ್ಡದ ಕೆಂಪು ಮಣ್ಣು, ಕೊಟ್ಟಿಗೆ ಗೊಬ್ಬರ, ಸ್ವಲ್ಪ ಉಸುಕು. ಎರಡು ಕಟ್ಟೆಗೆ ಸೇವಂತಿಗೆ ಮತ್ತು ಚೆಂಡುಹೂ, ಎರಡಕ್ಕೆ ಕೊತ್ತಂಬರಿ, ಮೆಂತ್ಯ, ಬದನೆ, ಮೆಣಸಿನಕಾಯಿ. ಕಾಗದದ ಮೇಲೆ ನೋಡಿದರೆ ರಂಗೋಲಿ ಹಾಕಿದ ಅಂಗಳದಂತೆ ಕಾಣುತ್ತಿತ್ತು. ಇಷ್ಟು ವರ್ಷ ಕೈಯಲ್ಲಿ ಸಲಿಕೆ ಹಿಡಿದ ನನಗೆ, ತೋಟವನ್ನು ಹೀಗೆ ಮೊದಲು ತಲೆಯಲ್ಲಿ ಬೆಳೆಸಬಹುದೆಂದು ಗೊತ್ತಿರಲಿಲ್ಲ. ಆ ನಕ್ಷೆ ನೋಡಿ ನನಗೆ ಕಣ್ಣು ತುಂಬಿ ಬಂತು, ಸುಳ್ಳು ಯಾಕೆ ಹೇಳಲಿ.

ರಾಯರು ನಕ್ಷೆಯನ್ನು ದೂರ ಹಿಡಿದು, ಹತ್ತಿರ ಹಿಡಿದು, ಕಟ್ಟೆಯ ಅಗಲ ಆರು ಅಡಿ ಇರಲಿ, ನಾಲ್ಕು ಅಡಿ ಭಿಕಾರಿ ಕಾಣುತ್ತದೆ ಎಂದರು. ನಾಲ್ಕಾದರೆ ಎರಡೂ ಕಡೆಯಿಂದ ಕೈ ನಡುವಿನ ತನಕ ಮುಟ್ಟುತ್ತದೆ, ಮಣ್ಣು ತುಳಿಯದೆ ಕಳೆ ಕೀಳಬಹುದು ಎಂದು ಪ್ರಣಿತಾ ಹೇಳಿದಳು. ಕೈ ಹಾಕುವವರು ಯಾರು, ಆಳು ಇರುತ್ತಾರಲ್ಲ ಎಂದರು ರಾಯರು. ಆಳಿಗೂ ಕೈ ಅಷ್ಟೇ ಉದ್ದ ಇರುತ್ತದೆ ಎಂದು ಅವಳು ಮೆತ್ತಗೆ ಅಂದಳು. ರಾಯರ ಹೆಂಡತಿ ಕಮಲಾಬಾಯಿ ಒಳಗಿನಿಂದ ಚಹಾ ತರುತ್ತಿದ್ದವರು ಫಕ್ಕನೆ ನಕ್ಕುಬಿಟ್ಟರು. ಅಗಲ ನಾಲ್ಕೇ ಅಡಿ ಆಯಿತು. ಆದರೆ ರಾಯರು ಆ ನಗುವನ್ನು ಮರೆಯಲಿಲ್ಲವೆಂದು ನನಗೆ ಅನ್ನಿಸುತ್ತದೆ. ಇಂಥವರು ಗೋಡೆಯಲ್ಲಿ ಸೋತರೆ ಬಾಗಿಲಲ್ಲಿ ಗೆಲ್ಲಲು ನೋಡುತ್ತಾರೆ.

ಕಟ್ಟೆ ಕಟ್ಟಲು ನನ್ನ ಮೈದುನ ಭೀಮಶಿ ಬಂದ. ಅವನು ಗೌಂಡಿ. ದಾರ ಹಿಡಿದು ಮೂಲೆ ಇಟ್ಟನೆಂದರೆ ಕೂದಲೆಳೆ ಆಚೀಚೆ ಆಗುವುದಿಲ್ಲ. ರಾಯರು ಪ್ರತಿ ಸಾಲಿಗೂ ತಮ್ಮ ಪಟ್ಟಿ ತಂದು ಅಳೆಯುತ್ತಿದ್ದರು, ಪಟ್ಟಿಯನ್ನೇ ಸೊಟ್ಟ ಹಿಡಿದು ಗೋಡೆ ಸೊಟ್ಟ ಎನ್ನುತ್ತಿದ್ದರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಒಂದು ದಿನ ನಾಲ್ಕು ಬಿಳಿ ಕಲ್ಲಿನ ಫಲಕ ಮಾಡಿಸಿ ತಂದರು. ಒಂದರ ಮೇಲೆ ಶ್ರೀಮಂತ ರಾಘೋಪಂತ, ಇನ್ನೊಂದರ ಮೇಲೆ ತ್ರಿಂಬಕಪಂತ, ಬಾಳಾಜಿಪಂತ, ಅನಂತರಾವ್. ನಾಲ್ಕು ಕಟ್ಟೆಗೆ ನಾಲ್ಕು ತಲೆಮಾರಿನ ಹಿರಿಯರ ಹೆಸರು. ರಾಘೋಪಂತರ ಮೇಲೆ ಬದನೆಕಾಯಿ, ತ್ರಿಂಬಕಪಂತರ ಮೇಲೆ ಕೊತ್ತಂಬರಿ. ಭೀಮಶಿ ಫಲಕ ನೋಡಿ ತಲೆ ಕೆರೆದುಕೊಂಡ.

“ರಾಯರ, ತ್ವಾಟಾ ಕಟ್ಟಾಕ ಹತ್ತೇವೋ, ಗೋರಿ ಕಟ್ಟಾಕ ಹತ್ತೇವೋ, ಒಂದೀಟು ತಿಳಿಸಿ ಹೇಳ್ರಿ.”

ರಾಯರಿಗೆ ಅದು ತಮಾಷೆ ಎನ್ನಿಸಲಿಲ್ಲ.

ಮರುದಿನ ಪ್ರಣಿತಾ ಸಿಮೆಂಟು ತರಲು ಹೋಗಿದ್ದಳು. ಪೂರ್ವದ ಕಟ್ಟೆಗೆ ಪಕ್ಕದ ಮನೆಯ ನೆರಳು ಬೀಳುತ್ತಿತ್ತು. ಮಧ್ಯಾಹ್ನದವರೆಗೆ ಬಿಸಿಲು ಬರುವುದಿಲ್ಲ, ಅದಕ್ಕೆ ಸೇವಂತಿಗೆ ಬೇಡ, ಕೊತ್ತಂಬರಿ ಹಾಕೋಣ ಎಂದು ನಾನು ರಾಯರಿಗೆ ಹೇಳಿದೆ. ಅವರು ಫೋನಿನಿಂದ ಕಣ್ಣು ಎತ್ತಲಿಲ್ಲ.

“ಪದ್ಮವ್ವಾ, ನೀ ಕೈ ಆಡಸು. ತಲಿ ಆಡಸ್ಲಿಕ್ಕೆ ನಾವಿದ್ದೀವಿ.”

ಅಷ್ಟೇ. ಬೈಗುಳವೂ ಅಲ್ಲ, ಕೂಗಿದ್ದೂ ಅಲ್ಲ. ಆದರೆ ಭೀಮಶಿ ಗಾರೆ ಹಚ್ಚುತ್ತಿದ್ದ ಕರಣಿ ನಿಲ್ಲಿಸಿದ. ನಾನು ಸಲಿಕೆ ಹಿಡಿದು ಬಗ್ಗಿದೆ. ಮೂವತ್ತೈದು ವರ್ಷದ ಹಿಂದೆ ಇವರ ತಲೆಯ ಮೇಲೆ ನಿಂತು ಮಣ್ಣು ತುಳಿದವಳು ನಾನು, ಈ ತಲೆಯಲ್ಲಿ ಏನಿದೆ ಎಂದು ಇವರಿಗಿಂತ ನನಗೆ ಚೆನ್ನಾಗಿ ಗೊತ್ತು ಎಂದುಕೊಂಡೆ. ಬಾಯಿಬಿಟ್ಟು ಏನೂ ಹೇಳಲಿಲ್ಲ. ಮಗಳ ಮೊದಲ ಕೆಲಸ.

ಆ ಕೆಲಸದ ಮೇಲೆ ಇನ್ನೊಂದು ಕೆಲಸ ನಿಂತಿತ್ತು. ಬೈಲಹೊಂಗಲ ರಸ್ತೆಯಲ್ಲಿ ಸಿದ್ದರಾಮಪ್ಪ ಎಂಬವರದು ದೊಡ್ಡ ಮಂಗಲ ಕಾರ್ಯಾಲಯ, ಅದರ ಸುತ್ತ ಎರಡು ಎಕರೆ ಬರಿ ಬಯಲು. ರಾಯರ ಹಳೆಯ ಸ್ನೇಹಿತರು. ಒಂದು ದಿನ ಬಂದು ಪ್ರಣಿತಾಳ ನಕ್ಷೆ ನೋಡಿ, ಶಾಂತಿಯ ದಿನ ಊಟಕ್ಕೆ ಬರುತ್ತೇನೆ, ಈ ತೋಟ ಕಣ್ಣಿಗೆ ಹಿಡಿಸಿದರೆ ನನ್ನ ಎರಡು ಎಕರೆ ನಿನ್ನ ಕೈಗೆ ಕೊಡುತ್ತೇನೆ ತಂಗಿ ಎಂದು ಹೋಗಿದ್ದರು. ಆ ರಾತ್ರಿ ಪ್ರಣಿತಾ ಊಟ ಮಾಡುತ್ತ ಮಾಡುತ್ತ ತಟ್ಟೆಯ ಅಂಚಿನಲ್ಲಿ ಬೆರಳಿನಿಂದ ಗೆರೆ ಎಳೆಯುತ್ತಿದ್ದಳು, ಎಲ್ಲಿ ದಾರಿ, ಎಲ್ಲಿ ಕಾರಂಜಿ ಎಂದು. ನಾಲ್ಕು ಕಟ್ಟೆ ಹಸಿರಾದರೆ ಅವಳ ಬದುಕೇ ಹಸಿರಾಗುವ ಹಾಗಿತ್ತು.

ಕಟ್ಟೆ ಮುಗಿದ ಮೇಲೆ ಅವಳು ಸಸಿ ತರಲು ಧಾರವಾಡಕ್ಕೆ ಹೋದಳು. ಕೆಂಪು ಮಣ್ಣು ಅಂದೇ ಬರಬೇಕಿತ್ತು. ಬಂದದ್ದು ಬೇರೆ. ಮಧ್ಯಾಹ್ನದ ಹೊತ್ತಿಗೆ ಮೂರು ಟ್ರ್ಯಾಕ್ಟರ್ ಬೂದು ಬಣ್ಣದ ಮಣ್ಣು ಬಂದು ನಿಂತಿತು. ರಾಯರು ಗೇಟಿನ ಬಳಿ ಕೈ ಹಿಂದೆ ಕಟ್ಟಿಕೊಂಡು ನಿಂತಿದ್ದರು, ಮೆರವಣಿಗೆ ಬರಮಾಡಿಕೊಳ್ಳುವವರ ಹಾಗೆ. ಕೆಂಪು ಮಣ್ಣಿನವನಿಗೆ ಬರಬೇಡ ಎಂದು ತಾವೇ ಫೋನ್ ಮಾಡಿದ್ದರಂತೆ.

“ನಮ್ಮ ವಾಡೇದ ಮಣ್ಣದ ಇದು. ಹಾಳುಮಣ್ಣು ಹೊಲಕ್ಕ ಬಂಗಾರ ಅಂತಾರ, ಗೊತ್ತದ ಇಲ್ಲೋ? ನಮ್ಮ ಹಿರೇರು ಇದರ ನೆರಳಾಗ ಬಾಳ್ಯಾರ. ಎಲ್ಲೀದೋ ಗುಡ್ಡದ ಮಣ್ಣು ನಮಗ್ಯಾಕ?”

ಮಾತೇನೋ ಪೂರ್ತಿ ಸುಳ್ಳಲ್ಲ. ಬಿದ್ದ ಮನೆಯ ಗೋಡೆಯ ಮಣ್ಣನ್ನು ಹೊಲಕ್ಕೆ ಹೇರುವುದು ನಮ್ಮ ಕಡೆ ಎಲ್ಲರೂ ಮಾಡುವ ಕೆಲಸ, ಅದು ಒಳ್ಳೆಯ ಗೊಬ್ಬರ. ಆದರೆ ಗೋಡೆಯ ಮಣ್ಣೇ ಬೇರೆ, ಮಾಳಿಗೆಯ ಮಣ್ಣೇ ಬೇರೆ. ಗೋಡೆಯ ಮಣ್ಣನ್ನು ಊರವರು ಆಗಲೇ ತಮ್ಮ ಹೊಲಗಳಿಗೆ ಹೊತ್ತೊಯ್ದಿದ್ದರು, ಅವರೇನು ದಡ್ಡರೇ. ಯಾರಿಗೂ ಬೇಡವಾಗಿ ಉಳಿದದ್ದನ್ನು ರಾಯರು ಬಾಡಿಗೆ ಕೊಟ್ಟು ತರಿಸಿಕೊಂಡಿದ್ದರು. ನಾನು ಒಂದು ಹೆಂಟೆ ಒಡೆದು ಚಿಟಿಕೆ ನಾಲಗೆಗೆ ಹಚ್ಚಿದೆ. ಚುರ್ ಎಂದಿತು, ಉಪ್ಪಿನ ಸವಳು ಮಣ್ಣು. ಕರಲು.

ಈ ರುಚಿಯನ್ನು ನನಗೆ ಕಲಿಸಿದವಳು ನನ್ನತ್ತೆ ಮಾಯವ್ವ. ಹುಲ್ಲು ಹುಟ್ಟದ ಜಾಗ ಹುಡುಕು, ಅಲ್ಲಿ ಅಗೆ, ನಾಲಗೆಗೆ ಹತ್ತಿದರೆ ಮಾತ್ರ ಬುಟ್ಟಿಗೆ ಹಾಕು ಎನ್ನುತ್ತಿದ್ದಳು. ಮಾಳಿಗೆಗೆ ಬೇಕಾದದ್ದು ಅಂಥ ಮಣ್ಣೇ. ಹನಿ ನೀರು ಬಿದ್ದರೆ ಬಾಯಿ ಮುಚ್ಚಿಕೊಳ್ಳುತ್ತದೆ, ಕೆಳಗೆ ಇಳಿಯಗೊಡುವುದಿಲ್ಲ. ಅದರಲ್ಲಿ ಬೀಜ ಬಿದ್ದರೂ ಸಾಯುತ್ತದೆ, ಬೇರು ಬಿಟ್ಟು ಸೂರು ಸೀಳುವ ಭಯವಿಲ್ಲ. ಅಂಥ ಬಂಜರು ಮಣ್ಣನ್ನು ಆರಿಸಿ ಆರಿಸಿ ಹೊತ್ತುಹಾಕಿದ್ದಕ್ಕೇ ರಾಘೋಪಂತರಿಂದ ಕೃಷ್ಣಾಜಿಯವರೆಗೆ ಎಲ್ಲರೂ ನೆನೆಯದೆ ಮಲಗಿದರು. ಸೂರಿನ ಕೆಳಗೆ ಮಲಗಿದವರಿಗೆ ಸೂರು ಯಾವುದರದೆಂದು ಗೊತ್ತಿಲ್ಲ. ಆ ಪಂತರಲ್ಲಿ ಒಬ್ಬರಾದರೂ ಒಮ್ಮೆಯಾದರೂ ಏಣಿ ಹತ್ತಿದ್ದರೆ ತಾನೆ.

ಹೇಳಬೇಕಿತ್ತು. ಬಾಯಿ ಅರ್ಧ ತೆರೆದೂ ಇದ್ದೆ. ಆಗ ರಾಯರು ನನ್ನತ್ತ ನೋಡದೆ ಕೈ ಬೀಸಿ, ಹೂಂ, ತುಂಬು ಎಂದರು. ನಾನು ಬಾಯಿ ಮುಚ್ಚಿಕೊಂಡು ತುಂಬಿದೆ. ನನಗೆ ಎಂಥ ಸುಖವಾಯಿತೆಂದರೆ ಹೇಳಲಾರೆ. ಪುಣೆಯ ಬೀಗರೆಲ್ಲ ಬಂದು ನಿಂತಾಗ ಆ ನಾಲ್ಕು ಬಿಳಿ ಫಲಕದ ಹಿಂದೆ ಬರಿ ಬೂದು ನೆಲ. ತಲೆ ಆಡಿಸುತ್ತಾರಂತೆ, ಆಡಿಸಲಿ. ಬುಟ್ಟಿಯ ಮೇಲೆ ಬುಟ್ಟಿ ಸುರಿಯುತ್ತ ನಾನು ಒಳಗೊಳಗೇ ನಗುತ್ತಿದ್ದೆ. ಮಾತು ಬೆಳ್ಳಿ, ಮೌನ ಬಂಗಾರ ಎಂದು ನನಗೆ ನಾನೇ ಹೇಳಿಕೊಂಡೆ.

ಸಂಜೆ ರಾಯರು ಅಂದಕ್ಕೆಂದು ಮೇಲೆ ನಾಲ್ಕು ಬೆರಳು ಗೊಬ್ಬರ ಹರಡಿಸಿದರು. ಮರುದಿನ ಬೆಳಿಗ್ಗೆ ಪ್ರಣಿತಾ ಸಸಿಗಳ ತಟ್ಟೆಗಳೊಂದಿಗೆ ಬಂದಾಗ ಕಟ್ಟೆಗಳು ಕಪ್ಪಗೆ ಸುಂದರವಾಗಿ ಕಾಣುತ್ತಿದ್ದವು. ತನ್ನನ್ನು ಕೇಳದೆ ಮಣ್ಣು ಬದಲಿಸಿದ್ದಕ್ಕೆ ಅವಳಿಗೆ ಸಿಟ್ಟು ಬಂದಿತ್ತು. ಆದರೆ ವಾಡೆಯ ಮಣ್ಣು ಎಂದು ಕೇಳಿ ಗೋಡೆಯದೇ ಇರಬೇಕೆಂದುಕೊಂಡಳು. ಊರು ಬಿಟ್ಟಾಗ ಕೂಸಾಗಿದ್ದ ಅವಳಿಗೆ ಆ ವಾಡೆಯ ಮಾಳಿಗೆ ಗೊತ್ತೇ ಇರಲಿಲ್ಲ. ಸಸಿ ಕೆಳಗಿಟ್ಟು ನನ್ನ ಹತ್ತಿರ ಬಂದಳು.

“ಅವ್ವಾ, ಮಣ್ಣು ನೋಡಿಯೇನು? ಹೆಂಗೈತಿ?”

“ಅವರ ಮನಿ ಮಣ್ಣು. ಅವರಿಗೇ ಗೊತ್ತಿರತೈತಿ ಬಿಡು.”

ಅವಳು ಒಂದು ಗಳಿಗೆ ನನ್ನ ಮುಖ ನೋಡಿದಳು. ಮಣ್ಣು ಕೆಟ್ಟದ್ದಾಗಿದ್ದರೆ ಅವ್ವ ಹೇಳದೆ ಇರುತ್ತಾಳೆಯೇ? ಹಾಗೆಂದುಕೊಂಡೇ ಕೂತು ಸಸಿ ನೆಟ್ಟಳು. ಸಂಜೆಯವರೆಗೆ ಇನ್ನೂರ ನಲವತ್ತು ಸಸಿ, ದಾರ ಹಿಡಿದು, ಅಂತರ ತಪ್ಪದೆ. ಆಮೇಲೆ ಬೋರ್ಡನ್ನು ಗೇಟಿಗೆ ತಂತಿಯಿಂದ ಕಟ್ಟಿ, ರಸ್ತೆಯ ಆಚೆ ಹೋಗಿ ನಿಂತು ನೋಡಿ ಬಂದಳು.

ಎಂಟು ದಿನ ಗೊಬ್ಬರದ ಜೋರಿನಲ್ಲಿ ಸಸಿಗಳು ನಿಂತವು. ಬೇರು ಕೆಳಗಿಳಿದು ಮಾಳಿಗೆಯ ಮಣ್ಣು ಮುಟ್ಟಿದ ಮೇಲೆ ಎಲೆಯಂಚು ಸುಟ್ಟ ಹಾಗೆ ಆಗತೊಡಗಿತು. ನೀರು ಹಾಕಿದರೆ ತಾಟಿನಲ್ಲಿ ನಿಂತ ಹಾಗೆ ನಿಲ್ಲುತ್ತಿತ್ತು. ಬುಡದ ತೂತುಗಳಿಂದ ಒಂದು ಹನಿ ಹೊರಬರಲಿಲ್ಲ. ಬಿಸಿಲಿಗೆ ಮೇಲೆಲ್ಲ ಬಿಳಿ ಪುಡಿ ಎದ್ದಿತು. ರಾಯರು ನೀರು ಸಾಲದು ಎಂದು ಪೈಪು ಹಿಡಿದು ಇನ್ನಷ್ಟು ಕುಡಿಸಿದರು. ಪ್ರಣಿತಾ ಬೇರು ಕಿತ್ತು ನೋಡಿದಳು, ಔಷಧ ಹೊಡೆದಳು, ತೂತಿಗೆ ಸಲಾಕೆ ಹಾಕಿ ಕೆದಕಿದಳು, ಸಸಿಯಲ್ಲೇ ರೋಗವಿತ್ತೇನೋ ಎಂದು ತನ್ನ ಕೈಯಿಂದ ಹಣ ಹಾಕಿ ಎರಡನೇ ಸಲ ಸಸಿ ತಂದಳು. ರೊಟ್ಟಿ ಮುರಿದು ಹಾಗೇ ಇಟ್ಟು ಏಳುತ್ತಿದ್ದಳು. ನನ್ನ ಕೈಗುಣವೇ ಸರಿ ಇಲ್ಲವೇನೋ ಅವ್ವ ಎಂದು ಒಂದು ದಿನ ಅಂದಳು.

ಆಗಲಾದರೂ ಹೇಳಬೇಕಿತ್ತು. ಮೊದಲ ವಾರ ಹೇಳದೆ ಇದ್ದದ್ದು ಸಿಟ್ಟಿನಿಂದ. ಎರಡನೇ ವಾರ ಹೇಳದೆ ಇದ್ದದ್ದು ನಾಚಿಕೆಯಿಂದ. ಹೇಳಿದರೆ, ಮೊದಲೇ ಯಾಕೆ ಹೇಳಲಿಲ್ಲ ಎಂದು ಕೇಳುತ್ತಾಳಲ್ಲ. ಯಂತ್ರಕ್ಕೆ ಹಾಕಿ ನೋಡಲು ಮಣ್ಣು ಕಳಿಸುತ್ತೇನೆ ಎಂದು ಅವಳು ಅಂದಾಗ ಎದೆ ಹಗುರವಾಯಿತು. ಯಂತ್ರ ಹೇಳಲಿ, ನಾನು ಪಾರಾಗುತ್ತೇನೆ. ಯಂತ್ರದ ಕಾಗದ ಬರುವುದಕ್ಕೆ ಮುಂಚೆ ಶಾಂತಿಯ ದಿನ ಬಂತು.

ಹಿಂದಿನ ದಿನ ರಾಯರು ಪೇಟೆಯಿಂದ ಚೆಂಡುಹೂವಿನ ಇಪ್ಪತ್ತು ಕುಂಡ ತರಿಸಿ, ಕುಂಡದ ಸಮೇತ ಕಟ್ಟೆಗಳಲ್ಲಿ ಹೂಳಲು ಹೇಳಿದ್ದರು. ಮಣ್ಣು ಕಲ್ಲಾಗಿತ್ತು, ಕುಂಡ ಅರ್ಧವೂ ಇಳಿಯಲಿಲ್ಲ. ಅರ್ಧ ಹೊರಗೆ ಚಾಚಿದ ಕುಂಡಗಳು, ಸುತ್ತ ಬಿಳಿ ಪುಡಿ, ಮುಂದೆ ಪಂತರ ಹೆಸರು. ಮಣ್ಣು ತುಂಬಿದ ದಿನ ನಾನು ಕಂಡ ಕನಸು ಹಾಗೇ ನಿಂತಿತ್ತು. ನನಗೆ ನಗು ಬರಲಿಲ್ಲ. ಪ್ರಣಿತಾ ಬೆಳಿಗ್ಗೆ ಬುದ್ಧನ ಫೋಟೋದ ಮುಂದೆ ಎಂದಿಗಿಂತ ಹೆಚ್ಚು ಹೊತ್ತು ಕೂತು, ಇಸ್ತ್ರಿ ಮಾಡಿದ ಚೂಡಿದಾರ ಹಾಕಿಕೊಂಡು ಬಂದಿದ್ದಳು. ಓಡಿಹೋಗಬಹುದಿತ್ತು, ಹೋಗಲಿಲ್ಲ. ಬೋರ್ಡಿನ ಪಕ್ಕದಲ್ಲೇ ನಿಂತಿದ್ದಳು.

ಊಟ ಮುಗಿಸಿ ಜನ ಅಂಗಳಕ್ಕೆ ಬಂದರು. ರಾಯರ ಹೆಗಲ ಮೇಲೆ ಜರಿಯ ಶಾಲು, ಹಣೆಯಲ್ಲಿ ಅಕ್ಷತೆ. ಸಿದ್ದರಾಮಪ್ಪ ಎಲೆಯಡಿಕೆ ಜಗಿಯುತ್ತ ಕಟ್ಟೆಯಿಂದ ಕಟ್ಟೆಗೆ ನಡೆದರು, ಬಗ್ಗಿ ನೋಡಿದರು. ಬೀಗರಲ್ಲಿ ಯಾರೋ ಕಿಸಕ್ಕೆಂದರು. ರಾಯರು ಶಾಲು ಸರಿಪಡಿಸಿಕೊಂಡರು.

“ಸರ್ಟಿಫಿಕೇಟಿನ ಕೈಗೆ ಗಿಡ ಹತ್ತೂದಿಲ್ಲ ಸಿದ್ದರಾಮಪ್ಪ. ಕೈಗುಣ ಅನ್ನೂದು ಮನೆತನದಿಂದ ಬರಬೇಕಾಗ್ತದ.”

ಪ್ರಣಿತಾ ತಲೆ ತಗ್ಗಿಸಿದಳು. ನನಗೆ ತಡೆಯಲಾಗಲಿಲ್ಲ. ಹಿಂದೆ ನಿಂತವಳು ಜನರನ್ನು ಸರಿಸಿ ಮುಂದೆ ಬಂದು ರಾಘೋಪಂತರ ಕಟ್ಟೆಯಿಂದ ಒಂದು ಹೆಂಟೆ ಎತ್ತಿಕೊಂಡೆ.

“ಮನೆತನದ ಮಾತು ನಾ ಹೇಳತೇನಿ ಕೇಳ್ರಿ ರಾಯರ. ಇದು ನಿಮ್ಮ ಮಾಳಿಗಿ ಮಣ್ಣು. ನಮ್ಮತ್ತಿ ಮಾಯವ್ವ ಹುಲ್ಲು ಹುಟ್ಟದ ಜಾಗಾ ಹುಡುಕಿ, ನಾಲಗಿಗೆ ಹಚ್ಚಿ ನೋಡಿ, ಆರಿಸಿ ಹೊತ್ತು ಹಾಕಿದ ಕರಲು. ನಾನೂ ಹೊತ್ತೇನಿ. ನೀರು ಇಳೀಬಾರದು, ಕಡ್ಡಿ ಹುಟ್ಟಬಾರದು ಅಂತ ಹಾಕಿದ ಮಣ್ಣಿನ್ಯಾಗ ನೀವು ಸೇವಂತಗಿ ಹಚ್ಚಿಸೀರಿ. ನನ್ನ ಮಗಳ ಕೈ ಏನು ಮಾಡೀತು?”

ರಾಯರು ಏನೋ ಹೇಳಲು ಹೋದರು. ಅಷ್ಟರಲ್ಲಿ ಕಮಲಾಬಾಯಿ ತಣ್ಣಗೆ ಬಾಯಿ ಹಾಕಿದರು.

“ಖರೆ ಅದ. ಒಳಗಿನ ಮೆಟ್ಟಲಾ ಹತ್ತಿ ಆ ಮಾಳಿಗಿ ಮ್ಯಾಲೆ ನಾ ಹನ್ನೆರಡು ವರ್ಷ ಹಪ್ಪಳಾ ಒಣಗಿಸೀನಿ. ಒಂದು ಹುಲ್ಲಿನ ಎಸಳು ನೋಡಲಿಲ್ಲ.”

ರಾಯರ ಮುಖ ಸುಟ್ಟ ಬದನೆಕಾಯಿ ಆಯಿತು. ಬೀಗರೆಲ್ಲ ಈಗ ರಾಯರನ್ನೇ ನೋಡುತ್ತಿದ್ದರು. ಹಣೆಯ ಅಕ್ಷತೆಯೊಂದು ಮೂಗಿನ ಮೇಲೆ ಬಿತ್ತು, ಒರೆಸಿಕೊಳ್ಳಲೂ ಅವರಿಗೆ ತೋಚಲಿಲ್ಲ. ನನ್ನ ಜೀವಮಾನದಲ್ಲಿ ಅಂಥ ಗೆಲುವು ನನಗೆ ಸಿಕ್ಕಿರಲಿಲ್ಲ. ಹೆಂಟೆಯನ್ನು ಕಟ್ಟೆಗೆ ಎಸೆದು, ಕೈ ಕೊಡವಿಕೊಂಡು, ಮಗಳ ಕಡೆ ತಿರುಗಿದೆ. ಅವಳು ರಾಯರನ್ನು ನೋಡುತ್ತಿರಲಿಲ್ಲ, ನನ್ನನ್ನು ನೋಡುತ್ತಿದ್ದಳು.

ಸಿದ್ದರಾಮಪ್ಪ ಎಲೆಯಡಿಕೆಯನ್ನು ಕೆನ್ನೆಯ ಒಂದು ಕಡೆಗೆ ಸರಿಸಿ, ಮರ್ಯಾದೆಯಿಂದಲೇ ಕೇಳಿದರು.

“ಮಣ್ಣು ತುಂಬೂ ದಿನಾ ನೀವು ಇಲ್ಲೇ ಇದ್ರೇನವ್ವಾ?”

“ಇದ್ದೆರಿ.”

“ಅವತ್ತ ಗೊತ್ತಾಗಿತ್ತು?”

ಸುಳ್ಳು ಹೇಳಲು ದಾರಿ ಇರಲಿಲ್ಲ. ನಾಲಗೆಗೆ ಹಚ್ಚಿದರೆ ತಿಳಿಯುತ್ತದೆ ಎಂದು ಈಗ ತಾನೇ ಜಗತ್ತಿಗೆಲ್ಲ ಸಾರಿದ್ದೆ. ತಲೆ ಆಡಿಸಿದೆ. ಸಿದ್ದರಾಮಪ್ಪ ಮಗಳ ಕಡೆ ತಿರುಗಿದರು. ನೋಡೂಣಂತ ತಂಗಿ ಎಂದು ಪ್ರಣಿತಾಗೆ ಹೇಳಿ, ಚಪ್ಪಲಿ ಮೆಟ್ಟಿಕೊಂಡು ಹೋದರು. ನಮ್ಮ ಕಡೆ ನೋಡೂಣಂತ ಎಂದರೆ ಇಲ್ಲ ಎಂದೇ ಅರ್ಥ.

ಜನ ಚದುರಿದ ಮೇಲೆ ಪ್ರಣಿತಾ ರಾಯರ ಮುಂದೆ ಹೋಗಿ ನಿಂತಳು. ತಪ್ಪು ತನ್ನದೇ, ಮಣ್ಣು ನೋಡದೆ ಸಸಿ ಹಚ್ಚಬಾರದಿತ್ತು, ಈ ಮಣ್ಣೆಲ್ಲ ತೆಗೆದು ಹೊಸದು ತುಂಬಿ ಕೊಡುತ್ತೇನೆ ಎಂದು ಹೇಳಿದಳು. ರಾಯರು ಹೂಂ ಎಂದರು. ಅಷ್ಟಾದ ಮೇಲೂ ಅವರಿಗೆ ತಮ್ಮದೂ ತಪ್ಪಿದೆ ಎನ್ನಲು ಬಾಯಿ ಬರಲಿಲ್ಲ. ಆದರೆ ಆ ಹೊತ್ತಿಗೆ ಅವರನ್ನು ಬೈಯಲು ನನಗೂ ಬಾಯಿ ಇರಲಿಲ್ಲ.

ಸ್ಕೂಟರಿನ ಮೇಲೆ ಅವಳ ಬೆನ್ನ ಹಿಂದೆ ಕೂತು ಮನೆಗೆ ಮರಳುವ ಮುನವಳ್ಳಿಯ ದಾರಿಯುದ್ದಕ್ಕೂ ನಾನೇ ಮಾತಾಡಿದೆ. ಆ ಮನುಷ್ಯ ನನಗೆ ಏನೆಂದಿದ್ದ, ಹೇಗೆ ಕೈ ಬೀಸಿದ್ದ, ಹೇಳಿದ್ದರೂ ಅವನು ಕೇಳುತ್ತಿದ್ದನೇ ಎಂದೆಲ್ಲ. ಅವಳು ಕಾಲುವೆಯ ಸೇತುವೆ ದಾಟಿದಳು. ಆಮೇಲೆ ಗಾಡಿ ಬದಿಗೆ ನಿಲ್ಲಿಸಿದಳು. ತಿರುಗಲಿಲ್ಲ.

“ಅವರು ನಿನ್ನ ಮಾತು ಕೇಳತಿದ್ದಿಲ್ಲ, ಖರೆ ಅವ್ವಾ. ನಾ ಕೇಳತಿದ್ದೆ.”

ಮತ್ತೆ ಗಾಡಿ ಶುರು ಮಾಡಿದಳು. ಕೋಪದಲ್ಲಿ ಕೊಯ್ದುಕೊಂಡ ಮೂಗು ಶಾಂತವಾದ ಮೇಲೆ ಬರುವುದಿಲ್ಲ ಎನ್ನುತ್ತಾರೆ. ನಾನು ಕೊಯ್ದದ್ದು ನನ್ನ ಮೂಗನ್ನೂ ಅಲ್ಲ.

ನಾಲ್ಕು ದಿನ ಬಿಟ್ಟು ಯಂತ್ರದ ಕಾಗದ ಬಂತು. ಅವಳು ಓದಿ ಮಡಿಸಿ ಇಟ್ಟಳು, ಏನಿದೆ ಎಂದು ನಾನು ಕೇಳಲಿಲ್ಲ. ಆ ವಾರವೆಲ್ಲ ಭೀಮಶಿ ಹಾರೆಯಿಂದ ಮಣ್ಣು ಒಡೆದ, ನಾನು ಬುಟ್ಟಿಯಲ್ಲಿ ಹೊತ್ತೆ. ಅದೇ ಮಣ್ಣು. ಅಂದು ಏಣಿ ಹತ್ತಿಸಿದ್ದನ್ನು ಈಗ ಗೇಟಿನ ಹೊರಗೆ ಹಾಕುತ್ತಿದ್ದೆ. ತಲೆಯ ಮೇಲೆ ಅಷ್ಟೇ ಭಾರವಿತ್ತು. ಕಮಲಾಬಾಯಿ ಒಳಗೆ ಬಂದು ಕುಂತು ಚಹಾ ಕುಡಿ ಎಂದು ಕರೆದರು. ಮೂವತ್ತೈದು ವರ್ಷದಲ್ಲಿ ಮೊದಲ ಸಲ ಆ ಮನೆಯವರು ಒಳಗೆ ಕರೆದದ್ದು. ನನಗೆ ಹೋಗುವ ಮನಸ್ಸಾಗಲಿಲ್ಲ.

ಕೊನೆಯ ದಿನ ಗುಡ್ಡದ ಕೆಂಪು ಮಣ್ಣು ಬಂತು. ಟ್ರ್ಯಾಕ್ಟರು ಹಿಂದಕ್ಕೆ ಬಂದು ನಿಂತಿತು. ನಾನು ಸೆರಗಿಗೆ ಕೈ ಒರೆಸಿಕೊಂಡು ಹತ್ತಿರ ಹೋದೆ, ಹೆಂಗೈತಿ ಅವ್ವಾ ಎಂದು ಕೇಳುತ್ತಾಳೆ ಎಂದು. ಪ್ರಣಿತಾ ನನ್ನ ಕಡೆ ನೋಡಲಿಲ್ಲ. ತಾನೇ ಟ್ರಾಲಿಯ ಅಂಚಿಗೆ ಕೈ ಚಾಚಿ, ಒಂದು ಚಿಟಿಕೆ ಮಣ್ಣು ತೆಗೆದು, ತನ್ನ ನಾಲಗೆಗೆ ಇಟ್ಟುಕೊಂಡಳು.